ಸೈನ್ಸ್ ಜೊತೆಗೆ ಒಂದು ಬರೆಯುವ ವಿಷಯ: ಯಾವುದು ಯಾರಿಗೆ?

ಅಣ್ಣನ ಮಗಳು ಶಿರಸಿಯಿಂದ ಫೋನ್ ಮಾಡಿದ್ದಳು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಿತ್ತು, ಪಿಯು ಅರ್ಜಿ ಕೈಯಲ್ಲಿತ್ತು. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಅಂತ ಮನೆಯಲ್ಲಿ ಮೊದಲೇ ನಿಕ್ಕಿಯಾಗಿತ್ತು. ಉಳಿದದ್ದು ಒಂದೇ ಖಾನೆ: ಇಂಗ್ಲಿಷ್ ಜೊತೆಗಿನ ಇನ್ನೊಂದು ಭಾಷೆ.

“ಅತ್ತೆ, ಸಂಸ್ಕೃತ ತಗಂಡ್ರೆ ನೂರಕ್ಕೆ ನೂರು ಬತ್ತಡ, ಹೌದ?”

ಹೌದು ಅಂತ ಹೇಳಿ ಫೋನ್ ಇಡಬಹುದಿತ್ತು. ನಾನೂ ಅದನ್ನೇ ಮಾಡಿದವಳು. ಪಿಯುದಲ್ಲಿ ಸಂಸ್ಕೃತ ತಗೊಂಡೆ, 97 ಬಂತು, ಮನೆಯಲ್ಲಿ ಪಾಯಸ ಆಯಿತು. ಆಮೇಲೆ ಬಿಎಸ್ಸಿ, ಎಂಎಸ್ಸಿ, ಕೊನೆಗೆ ಕುಮಟಾ ಕಡೆ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ. ಸೇರಿದ ಮೊದಲ ಬೇಸಿಗೆಯಲ್ಲೇ ಅಘನಾಶಿನಿ ಬದಿಯ ಒಂದು ಊರಿನ ಬಾವಿಗಳ ನೀರು ಬಂತು. ಉಪ್ಪು ಏರಿತ್ತು. ಪರೀಕ್ಷೆ ಮಾಡಿದ್ದು ಒಂದು ದಿನದ ಕೆಲಸ. “ಪಂಚಾಯ್ತಿಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ” ಅಂದರು. ಅಲ್ಲಿ ಸಿಕ್ಕಿಬಿದ್ದೆ. ಕ್ಲೋರೈಡ್ ಇಷ್ಟು, ಟಿಡಿಎಸ್ ಇಷ್ಟು, ಕುಡಿಯುವ ನೀರಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಎಲ್ಲಾ ಬರೆದೆ. ಪಂಚಾಯ್ತಿ ಸದಸ್ಯರೊಬ್ಬರು ಕಾಗದವನ್ನು ಎರಡು ಸಲ ಓದಿ, ತಿರುಗಿಸಿ ಹಿಂದೆ ಏನಾದರೂ ಇದೆಯಾ ಅಂತಲೂ ನೋಡಿ, ಕೇಳಿದರು: “ಈ ನೀರು ಕುಡೀಬಹುದೋ, ಬೇಡವೋ? ಅದು ಎಲ್ಲಿ ಬರದೀರಿ, ತಂಗಿ?”

ಎಲ್ಲೂ ಬರೆದಿರಲಿಲ್ಲ.

ಹಾಗಾಗಿ ಸೊಸೆಗೆ ಫೋನಿನಲ್ಲಿ ಹೌದು ಅನ್ನಲಿಲ್ಲ. “ಎರಡು ದಿನ ತಡಿ” ಅಂದೆ. ಆ ಎರಡು ದಿನದಲ್ಲಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಪಿಸಿಎಂಬಿಯೋ, ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿಯೋ ತಗೊಂಡ ಮಗುವಿಗೆ ವಾರವಿಡೀ ಸೂತ್ರ, ಸಮೀಕರಣ, ಚಿತ್ರ, ನಾಲ್ಕರಲ್ಲಿ ಒಂದು ಸರಿ ಉತ್ತರ. ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಸಾಲಿಗೆ ಸಾಲು ಜೋಡಿಸಿ ಬರೆಯುವ ಜಾಗ ಅಂತ ಉಳಿಯುವುದು ಒಂದೋ ಎರಡೋ ವಿಷಯ. ಅದನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಬೀಳುತ್ತೆ’ ಅಲ್ಲ, ‘ಇದರಲ್ಲಿ ನಾನು ನನ್ನದೇ ಮಾತಲ್ಲಿ ಒಂದು ಪುಟ ಬರೆಯಬಲ್ಲೆನಾ’ ಅನ್ನೋದು.

ಮೊದಲು ಅಂಕದ ಲೆಕ್ಕ ಮುಗಿಸಿಬಿಡೋಣ

ಯಾಕೆಂದರೆ ಅದನ್ನು ಮುಗಿಸದೆ ಯಾವ ಅಪ್ಪ-ಅಮ್ಮನೂ ಮುಂದಿನದನ್ನು ಓದುವುದಿಲ್ಲ.

ಪಿಯು ಸೈನ್ಸ್‌ನಲ್ಲಿ ಆರು ವಿಷಯ, 600 ಅಂಕ. ಭಾಷೆಗೆ ಲಿಖಿತ ಪರೀಕ್ಷೆ 80, ಆಂತರಿಕ 20. ಇಂಜಿನಿಯರಿಂಗಿಗೆ ಸಿಇಟಿ ರ‍್ಯಾಂಕ್ ಕೊಡುವಾಗ ಅರ್ಧ ಸಿಇಟಿ ಅಂಕ, ಇನ್ನರ್ಧ ಪಿಯುದ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ. ಭಾಷೆಯ ಅಂಕ ಅಲ್ಲಿ ಲೆಕ್ಕಕ್ಕೇ ಇಲ್ಲ. ಎಂಬಿಬಿಎಸ್‌ಗೆ ನೀಟ್ ರ‍್ಯಾಂಕ್. ಅಲ್ಲೂ ಭಾಷೆ ಇಲ್ಲ.

ಐಐಟಿ, ಎನ್‌ಐಟಿಯಂಥ ಕಡೆ ಹೋಗುವವರಿಗೆ ಮಾತ್ರ ಒಂದು ಷರತ್ತು ಇದೆ. 12ನೇ ತರಗತಿಯಲ್ಲಿ ಶೇ 75 ಬೇಕು, ಇಲ್ಲವೇ ನಿಮ್ಮ ಬೋರ್ಡಿನ ಮೇಲಿನ ಶೇ 20ರೊಳಗೆ ಇರಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಮಕ್ಕಳಿಗೆ ಶೇ 65. ಆ ಲೆಕ್ಕಕ್ಕೆ ಐದು ವಿಷಯ: ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಒಂದು ಭಾಷೆ, ಇನ್ನೊಂದು ವಿಷಯ. ಎರಡು ಭಾಷೆ ಓದಿದ್ದರೆ ಹೆಚ್ಚು ಅಂಕ ಬಂದದ್ದನ್ನೇ ಹಿಡಿಯುತ್ತಾರೆ. ಅಂದರೆ ಕನ್ನಡದಲ್ಲಿ 82, ಇಂಗ್ಲಿಷಿನಲ್ಲಿ 90 ಬಂದರೆ ಲೆಕ್ಕಕ್ಕೆ ಬರುವುದು 90.

ಹಾಗಾದರೆ ಒಟ್ಟು ಅಂಕ ಎಲ್ಲೂ ಬೇಡವಾ? ಬೇಕು. ಡಿಸ್ಟಿಂಕ್ಷನ್‌ಗೆ ಶೇ 85, ಅಂದರೆ 510 ಬೇಕು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ತರಹದ ವಿದ್ಯಾರ್ಥಿವೇತನಕ್ಕೆ ಬೋರ್ಡಿನ ಮೇಲಿನ ಶೇ 1ರೊಳಗೆ ಇರಬೇಕು, ಅಲ್ಲಿ ಒಂದೊಂದು ಅಂಕವೂ ತೂಕದ್ದೇ. ಪೇಪರಿನಲ್ಲಿ ಫೋಟೋ ಬರಬೇಕು ಅಂತಿದ್ದರೂ ಬೇಕು. ಆದರೆ ಸಂಸ್ಕೃತದಲ್ಲಿ 98, ಕನ್ನಡದಲ್ಲಿ 82 ಅಂತಲೇ ಇಟ್ಟುಕೊಳ್ಳಿ. 16 ಅಂಕ, 600ಕ್ಕೆ ಶೇ 2.7ರಷ್ಟು. ಅದು ಯಾರ ಬಾಗಿಲು ತೆರೆಯುತ್ತೆ, ಯಾರದ್ದು ಮುಚ್ಚುತ್ತೆ ಅಂತ ನಿಮ್ಮ ಮನೆಯಲ್ಲೇ ಲೆಕ್ಕ ಹಾಕಿ. ಬಹಳ ಮನೆಗಳಲ್ಲಿ ಯಾರದ್ದೂ ಅಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ಸಿಇಟಿಯ ಕನ್ನಡ ಮಾಧ್ಯಮ ಮೀಸಲಾತಿ ಸಿಗಬೇಕಾದರೆ ಪಿಯುದಲ್ಲಿ ಕನ್ನಡ ತಗೊಳ್ಳಲೇಬೇಕು ಅಂತ ಕೆಲವರು ಹೆದರಿಸುತ್ತಾರೆ. ಆ ಮೀಸಲಾತಿ ನೋಡುವುದು 1ರಿಂದ 10ನೇ ತರಗತಿವರೆಗೆ ಯಾವ ಮಾಧ್ಯಮದಲ್ಲಿ ಓದಿದ್ದೀರಿ ಅನ್ನೋದನ್ನ. ಪಿಯುದ ಭಾಷೆಗೂ ಅದಕ್ಕೂ ಸಂಬಂಧ ಇಲ್ಲ.

ಕನ್ನಡ

ಇಲ್ಲಿ ನಿಜಕ್ಕೂ ಬರೆಯಬೇಕು. ಹಳೆಗನ್ನಡ, ನಡುಗನ್ನಡದ ಪದ್ಯ, ವಚನ, ಹೊಸಗನ್ನಡದ ಕವಿತೆ, ಗದ್ಯಪಾಠ, ಇಡೀ ಒಂದು ದೀರ್ಘ ಪಠ್ಯ. ಪ್ರಶ್ನೆಪತ್ರಿಕೆಯಲ್ಲಿ ಸಂದರ್ಭ-ಸ್ವಾರಸ್ಯ, ಪದ್ಯದ ಭಾವಾರ್ಥ, ಪ್ರಬಂಧ, ಪತ್ರ, ಗಾದೆ ವಿಸ್ತರಣೆ. ಉತ್ತರ ಉದ್ದ, ಸಮಯ ಕಡಿಮೆ. ಮೌಲ್ಯಮಾಪಕರು ಪೂರ್ತಿ ಅಂಕ ಕೊಡಲು ಕೈ ಬಿಗಿ ಹಿಡಿಯುತ್ತಾರೆ ಅನ್ನೋ ದೂರು ಮೊದಲಿಂದ ಇದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಅಲ್ವಾ?

ಆದರೆ ಸಂದರ್ಭ-ಸ್ವಾರಸ್ಯ ಅನ್ನೋ ಆ ಸಣ್ಣ ಪ್ರಶ್ನೆಯನ್ನು ನೋಡಿ. ಒಂದು ಸಾಲು ಕೊಡುತ್ತಾರೆ. ಇದು ಯಾರ ಮಾತು, ಯಾರಿಗೆ ಹೇಳಿದ್ದು, ಯಾವಾಗ, ಯಾಕೆ, ಇದರಲ್ಲಿ ವಿಶೇಷ ಏನು ಅಂತ ನಾಲ್ಕೈದು ವಾಕ್ಯದಲ್ಲಿ ಹೇಳಬೇಕು. ಲ್ಯಾಬಿನಲ್ಲಿ ಒಂದು ರೀಡಿಂಗ್ ಹಿಡಿದುಕೊಂಡು ನಾನು ಇವತ್ತು ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ. ಎಲ್ಲಿಂದ ಬಂತು, ಯಾವ ಸ್ಥಿತಿಯಲ್ಲಿ ಬಂತು, ಇದಕ್ಕೆ ಏನರ್ಥ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದನ್ನು ತಾಳಮದ್ದಲೆ ಇಟ್ಟುಕೊಂಡು ಹೇಳಿದರೆ ಬೇಗ ತಿಳಿಯುತ್ತೆ. ಭಾಗವತರು ಪದ್ಯ ಹಾಡುತ್ತಾರೆ. ಪದ್ಯ ನಾಲ್ಕೇ ಸಾಲು. ಅರ್ಥಧಾರಿ ಅದನ್ನು ಕಾಲು ಗಂಟೆ ಬಿಡಿಸುತ್ತಾನೆ. ಎದುರಿನವನು ಇವನ ಕೊನೆಯ ಮಾತನ್ನೇ ಹಿಡಿದು ತಿರುಗಿಸಿ ಕೇಳುತ್ತಾನೆ. ವೇಷ ಇಲ್ಲ, ಕುಣಿತ ಇಲ್ಲ, ಮಾತು ಒಂದೇ. ಗಣಪತಿ ಹಬ್ಬದ ರಾತ್ರಿ ಹೀಗೆ ಕೂತು ಕೇಳಿದ ಮಗುವಿಗೆ ‘ವಾದ ಕಟ್ಟುವುದು’ ಅಂದರೆ ಏನು ಅಂತ ಬೇರೆ ಪಾಠ ಬೇಕಿಲ್ಲ. ಅದನ್ನು ಕಾಗದದ ಮೇಲೆ ತರುವ ಅಭ್ಯಾಸ ಅಷ್ಟೇ ಬೇಕು. ಕನ್ನಡ ಪತ್ರಿಕೆ ಆ ಅಭ್ಯಾಸ ಕೊಡುತ್ತೆ.

ಸೈನ್ಸ್‌ನವರಿಗೆ ಸಾಹಿತ್ಯ ಯಾಕೆ ಅಂತ ಕೇಳುವವರಿಗೆ ನಮ್ಮ ಕರಾವಳಿಯೇ ಉತ್ತರ ಕೊಟ್ಟಿದೆ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದರು. ಗೋಕರ್ಣದ ಜಯಂತ ಕಾಯ್ಕಿಣಿ ಓದಿದ್ದು ಬಯೋಕೆಮಿಸ್ಟ್ರಿ, ಕೆಲಸ ಮಾಡಿದ್ದು ಔಷಧ ಕಂಪನಿಯಲ್ಲಿ. ವಿವೇಕ ಶಾನಭಾಗ ಇಂಜಿನಿಯರ್. ಮೂವರೂ ಬರೆದದ್ದು ಕನ್ನಡದಲ್ಲಿ. ಎಲ್ಲರೂ ಕತೆಗಾರರಾಗಿ ಅಂತ ನಾನು ಹೇಳ್ತಾ ಇಲ್ಲ. ಎರಡೂ ಒಂದೇ ತಲೆಯಲ್ಲಿ ಹಿಡಿಯುತ್ತೆ ಅಂತ ಅಷ್ಟೇ.

ಮುಂದೆ ಐಎಎಸ್, ಕೆಎಎಸ್ ಅಂತ ಆಸೆ ಇದ್ದರೆ ಇನ್ನೂ ಒಂದು ಕಾರಣ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೇ 250 ಅಂಕದ ಒಂದು ಪತ್ರಿಕೆ ಇದೆ, ಎರಡು ಪ್ರಬಂಧ ಬರೆಯಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು. ಭಾರತೀಯ ಭಾಷೆಯ 300 ಅಂಕದ ಅರ್ಹತಾ ಪತ್ರಿಕೆ ಬೇರೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲೂ ಕಡ್ಡಾಯ ಕನ್ನಡ ಇದೆ, ಪ್ರಬಂಧ ಇದೆ. ಡಿಗ್ರಿ ಮುಗಿಸಿ 23ರ ವಯಸ್ಸಿನಲ್ಲಿ ಅಕ್ಷರ ತಿದ್ದಿದ ಹಾಗೆ ಮೊದಲಿಂದ ಶುರು ಮಾಡುವವರನ್ನು ನಾನು ಕಂಡಿದ್ದೇನೆ. ಕಷ್ಟ.

ಕನ್ನಡ ಯಾರಿಗೆ ಬೇಡ? ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡವನ್ನು ಮೂರನೇ ಭಾಷೆಯಾಗಿ ಓದಿ, ಹಳೆಗನ್ನಡದ ಪದ್ಯ ಕಂಡರೆ ಬೆವರುವವರಿಗೆ. ಅವರು ಗೈಡ್ ಬಾಯಿಪಾಠ ಮಾಡುತ್ತಾರೆ. ಬಾಯಿಪಾಠದ ಕನ್ನಡಕ್ಕಿಂತ ಅರ್ಥವಾಗುವ ಹಿಂದಿ ಎಷ್ಟೋ ವಾಸಿ.

ಸಂಸ್ಕೃತ

ನನ್ನ ಕತೆ ಕೇಳಿ ಸಂಸ್ಕೃತದ ಮೇಲೆ ನನಗೆ ಸಿಟ್ಟು ಅಂದುಕೊಳ್ಳಬೇಡಿ. ಸಿಟ್ಟು ಇರೋದು ನಾನು ಅದನ್ನು ಓದಿದ ರೀತಿಯ ಮೇಲೆ.

ಪತ್ರಿಕೆಯ ಸ್ವರೂಪವೇ ಅಂಕಕ್ಕೆ ಅನುಕೂಲ. ಸಂಧಿ, ಸಮಾಸ, ಹೊಂದಿಸಿ ಬರೆಯುವುದು, ಒಂದು ವಾಕ್ಯದ ಉತ್ತರ. ಇವು ಗಣಿತದ ಹಾಗೆ, ಸರಿ ಇದ್ದರೆ ಪೂರ್ತಿ ಅಂಕ. ದೊಡ್ಡ ಟಿಪ್ಪಣಿಗಳನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಲು ಅವಕಾಶ ಇರುತ್ತೆ. ಹತ್ತು ವಾಕ್ಯದ ಟಿಪ್ಪಣಿ ಹತ್ತು ಉರು ಹೊಡೆದರೆ ಮುಗಿಯಿತು. ಸೈನ್ಸ್ ಮಕ್ಕಳ ಸಮಯ ಉಳಿಯುತ್ತೆ. ಕೋಚಿಂಗ್ ಇರುವ ಕಾಲೇಜುಗಳು ಇದನ್ನೇ ಹೇಳಿ ಸಂಸ್ಕೃತಕ್ಕೆ ತಳ್ಳುತ್ತವೆ. ನಮ್ಮ ಕಾಲೇಜಿನಲ್ಲೂ ಹಾಗೇ ಆಯಿತು. “ಸೈನ್ಸ್‌ನವರು ಈ ಸಾಲಿನಲ್ಲಿ ನಿಲ್ಲಿ” ಅಂದರು, ನಿಂತೆ. ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ನನ್ನ ಪಕ್ಕದ ಬೆಂಚಿನ ಗೆಳತಿಯ ಕತೆ ಬೇರೆ. ಅವಳ ಅಜ್ಜ ಸಂಜೆ ಜಗಲಿಯಲ್ಲಿ ಕೂತು ಶ್ಲೋಕ ಬಿಡಿಸಿ ಹೇಳುತ್ತಿದ್ದರು. ಸೋಂದಾ, ಗೋಕರ್ಣದ ಕಡೆ ಇಂಥ ಮನೆಗಳು ಇವತ್ತಿಗೂ ಇವೆ. ಅವಳಿಗೆ ಸಮಾಸ ಅಂದರೆ ಉರು ಹೊಡೆಯುವ ಪಟ್ಟಿ ಆಗಿರಲಿಲ್ಲ, ಪದ ಬಿಚ್ಚಿ ಜೋಡಿಸುವ ಆಟ ಆಗಿತ್ತು. ಅಂಥ ಮಗುವಿಗೆ ಸಂಸ್ಕೃತ ಭಾಷೆಯ ಎಂಜಿನ್ ಬಿಚ್ಚಿ ತೋರಿಸಿದ ಹಾಗೆ. ವಾಕ್ಯ ಹೇಗೆ ನಿಲ್ಲುತ್ತೆ, ಯಾವ ಪದ ಯಾವುದಕ್ಕೆ ಕಟ್ಟಿಕೊಂಡಿದೆ ಅನ್ನೋದು ಕೈಗೆ ಸಿಗುತ್ತೆ. ಕಂಪ್ಯೂಟರ್ ಸೈನ್ಸ್ ಕಡೆ ಒಲವಿರುವ ಮಕ್ಕಳಿಗೆ ಇದು ಹಿಡಿಸುವುದನ್ನು ನೋಡಿದ್ದೇನೆ.

ಹಾಗಾಗಿ ನನ್ನ ಮಾತು ಇಷ್ಟು: ಪ್ರೀತಿಗೆ ತಗೊಳ್ಳುವುದಾದರೆ ಸಂಸ್ಕೃತ ಚೆನ್ನ. ಅಂಕಕ್ಕೆ ತಗೊಳ್ಳುವುದಾದರೆ, ಬರೆಯುವ ಅಭ್ಯಾಸ ಬೇರೆ ಕಡೆ ಮಾಡಿಕೊಳ್ಳಿ. ಕಾಲೇಜಿನ ಮ್ಯಾಗಜಿನ್‌ಗೆ ಬರೆಯಿರಿ, ಚರ್ಚಾಸ್ಪರ್ಧೆಗೆ ಹೋಗಿ, ವಾರಕ್ಕೊಂದು ಪುಟ ಅಂತ ಡೈರಿಯಾದರೂ ಇಡಿ. ನಾನು ಇದ್ಯಾವುದನ್ನೂ ಮಾಡಲಿಲ್ಲ.

ಹಿಂದಿ, ಮತ್ತೆ ಉಳಿದವು

ಹಿಂದಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾರವಾರ, ಸದಾಶಿವಗಡದ ಕಡೆ ಮನೆಮಾತು ಕೊಂಕಣಿ, ಅಜ್ಜಿಗೆ ಮರಾಠಿ ಓದಲು ಬರುತ್ತೆ, ಗೋವಾದ ಜೊತೆ ದಿನದ ಓಡಾಟ. ಅಂಥ ಮಕ್ಕಳಿಗೆ ನಾಗರಿ ಲಿಪಿ ಹೊಸದಲ್ಲ, ಹಿಂದಿ ಹಗುರ. ಪದ ಸಿಗುತ್ತೆ, ಲಿಂಗ ತಪ್ಪುತ್ತೆ. ನಿಬಂಧ ಬರೆಯುವ ಧೈರ್ಯ ಇದ್ದರೆ ತಗೊಳ್ಳಿ. ಕೇಂದ್ರ ಸರ್ಕಾರದ ಕೆಲಸ, ಬೇರೆ ರಾಜ್ಯದ ಓದು ಅಂತ ಇದ್ದರೆ ಉಪಯೋಗ ಇದೆ. ಉರ್ದು ಕೂಡ ಪಿಯು ಭಾಷೆಗಳ ಪಟ್ಟಿಯಲ್ಲಿದೆ, ಭಟ್ಕಳದ ಕಡೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಸಿಬಿಎಸ್‌ಇ ಮಕ್ಕಳಿಗೆ

ಕೈಗಾ ಟೌನ್‌ಶಿಪ್, ಕಾರವಾರದ ನೌಕಾನೆಲೆ, ಮುಂಡಗೋಡದ ನವೋದಯ. ನಮ್ಮ ಜಿಲ್ಲೆಯಲ್ಲಿ ಸಿಬಿಎಸ್‌ಇ ಓದುವವರೂ ಕಡಿಮೆ ಇಲ್ಲ. ಇವರ ಲೆಕ್ಕ ಬೇರೆ. ಐದು ವಿಷಯ ಬೇಕೇ ಬೇಕು, ಆರನೆಯದು ಹೆಚ್ಚುವರಿ. ಇಂಗ್ಲಿಷ್, ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಮ್ಯಾಥ್ಸ್ ಅಥವಾ ಬಯಾಲಜಿ ಹೋದರೆ ಒಂದು ಜಾಗ ಖಾಲಿ. ಬೋರ್ಡಿನ ಪಟ್ಟಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಮನಃಶಾಸ್ತ್ರ ಎಲ್ಲಾ ಇವೆ. ನಿಮ್ಮ ಶಾಲೆಯಲ್ಲಿ ಪಾಠ ಮಾಡುವವರು ಇದ್ದಾರಾ, ವೇಳಾಪಟ್ಟಿಯಲ್ಲಿ ಕೂರುತ್ತಾ ಅಂತ ಮೊದಲು ಕೇಳಿ. ಅರ್ಧ ಆಸೆಗಳು ಅಲ್ಲೇ ಮುಗಿಯುತ್ತವೆ.

ಉಳಿದರೆ, ಇತಿಹಾಸದಲ್ಲಿ ಬರೆಯುವುದು ಎಲ್ಲಕ್ಕಿಂತ ಜಾಸ್ತಿ. 80 ಅಂಕದ ಪತ್ರಿಕೆ, ಉದ್ದದ ಉತ್ತರ, ಮೂಲ ದಾಖಲೆಯ ಒಂದು ತುಂಡು ಕೊಟ್ಟು ಅದರ ಮೇಲೆ ಪ್ರಶ್ನೆ, ಜೊತೆಗೆ ನಕ್ಷೆ. ಓದುವುದೂ ಬಹಳ. ಜೆಇಇ ಕೋಚಿಂಗ್ ಜೊತೆ ಇದನ್ನು ಎಳೆಯಲು ಗಟ್ಟಿ ಮಕ್ಕಳೇ ಬೇಕು. ಅರ್ಥಶಾಸ್ತ್ರ ಸೈನ್ಸ್‌ನವರಿಗೆ ಒಗ್ಗುತ್ತೆ, ಯಾಕೆಂದರೆ ಗ್ರಾಫ್ ಇದೆ, 11ನೇ ತರಗತಿಯಲ್ಲಿ ಅಂಕಿಅಂಶಶಾಸ್ತ್ರ ಇದೆ. ಆದರೆ ಅದೇ ಕಾರಣಕ್ಕೆ ವಾಕ್ಯ ಕಡಿಮೆ. ಗ್ರಾಫ್ ಹಾಕಿ ಕೆಳಗೆ ಎರಡು ಸಾಲು ಬರೆದು ಜಾರಿಕೊಳ್ಳಬಹುದು. ಮನಃಶಾಸ್ತ್ರದಲ್ಲಿ 70 ಲಿಖಿತ, 30 ಪ್ರಾಕ್ಟಿಕಲ್. ಬಯಾಲಜಿ ಇಷ್ಟಪಡುವವರಿಗೆ ಮಿದುಳಿನ ಕಡೆಯಿಂದ ಮನುಷ್ಯರ ಕಡೆಗೆ ಬರಲು ಒಂದು ದಾರಿ. ನನಗೆ ಈ ಮೂರರಲ್ಲಿ ಆರಿಸು ಅಂದರೆ ಬಯಾಲಜಿಯವರಿಗೆ ಮನಃಶಾಸ್ತ್ರ, ಮ್ಯಾಥ್ಸ್‌ನವರಿಗೆ ಇತಿಹಾಸ. ಮ್ಯಾಥ್ಸ್‌ನವರಿಗೆ ಅರ್ಥಶಾಸ್ತ್ರ ಅಲ್ಲವಾ ಅಂತ ಕೇಳುತ್ತೀರಿ. ಇದ್ದದ್ದನ್ನೇ ಇನ್ನೊಂದು ಹೆಸರಲ್ಲಿ ಯಾಕೆ ಓದಬೇಕು?

ದೈಹಿಕ ಶಿಕ್ಷಣ ತಗೊಂಡರೆ ಅಂಕ ಬೀಳುತ್ತೆ. ಒಳ್ಳೆಯ ವಿಷಯವೇ. ಆದರೆ ಬರೆಯುವ ವಿಷಯ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಒಂದೇ ಸಂಗತಿ, ಬೇರೆ ಬೇರೆ ಪತ್ರಿಕೆ

ಸೊಸೆಗೆ ಇದು ಅರ್ಥವಾಗಲಿ ಅಂತ ಅವಳ ಊರ ಪಕ್ಕದ್ದೇ ಒಂದು ಸಂಗತಿ ತಗೊಂಡೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿ ಕಡೆಯ ಜನ ಕಾಡಿಗೆ ನಡೆದುಹೋಗಿ, ಕಡಿಯಬೇಕೆಂದಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ. ಪಾಂಡುರಂಗ ಹೆಗಡೆ ಮುಂದಾಳು.

ಬಯಾಲಜಿಯಲ್ಲಿ ಇದು ಜೀವವೈವಿಧ್ಯದ ಪಾಠದ ಒಂದು ಸಾಲು. ಪಶ್ಚಿಮಘಟ್ಟದಲ್ಲಿ ಸಹಜ ಕಾಡು ಕಡಿದು ತೇಗ, ನೀಲಗಿರಿ ನೆಟ್ಟರೆ ಏನಾಗುತ್ತೆ ಅಂತ ಪಾಯಿಂಟ್ ಹಾಕಿ ಬರೆದರೆ ಸಾಕು.

ಇತಿಹಾಸದವರು ಕೇಳುವುದು: ಇದನ್ನು ಯಾರು ಬರೆದಿಟ್ಟರು? ಅರಣ್ಯ ಇಲಾಖೆಯ ಕಡತ ಏನು ಹೇಳುತ್ತೆ, ಮರ ಅಪ್ಪಿದ ಹೆಂಗಸಿನ ನೆನಪು ಏನು ಹೇಳುತ್ತೆ, ಎರಡೂ ಒಂದೇ ಇರುತ್ತಾ? 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಜಿಲ್ಲೆಗೂ ಇದಕ್ಕೂ ಏನಾದರೂ ಕೊಂಡಿ ಇದೆಯಾ?

ಅರ್ಥಶಾಸ್ತ್ರ ಲಾಭ ಯಾರಿಗೆ, ನಷ್ಟ ಯಾರಿಗೆ ಅಂತ ಕೇಳುತ್ತೆ. ಮರ ಹೋದದ್ದು ಕಾರ್ಖಾನೆಗೆ. ಅಡಿಕೆ ತೋಟಕ್ಕೆ ಸೊಪ್ಪು, ಒಲೆಗೆ ಕಟ್ಟಿಗೆ, ಹೊಳೆಗೆ ನೀರು ಕಡಿಮೆಯಾದದ್ದು ಊರಿಗೆ. ಈ ನಷ್ಟಕ್ಕೆ ಬೆಲೆ ಕಟ್ಟಿದವರು ಯಾರು?

ಮನಃಶಾಸ್ತ್ರಕ್ಕೆ ಇನ್ನೇನೋ ಬೇಕು. ಮೊದಲನೆಯವಳು ಮರ ಅಪ್ಪಿದಾಗ ಎರಡನೆಯವಳಿಗೆ ಹೇಗೆ ಧೈರ್ಯ ಬಂತು?

ಕನ್ನಡದಲ್ಲಿ ಇದು ‘ಕಾಡು ಮತ್ತು ನಾವು’ ಅಂತ ಒಂದು ಪ್ರಬಂಧ ಆಗಬಹುದು. ಅಲ್ಲಿ ನಿಮ್ಮ ಮನೆಯ ಹಿಂದಿನ ಬೆಟ್ಟ ಬರಬಹುದು, ಸೊಪ್ಪಿನ ಹೊರೆ ಹೊತ್ತ ಅಜ್ಜಿ ಬರಬಹುದು. ಸಂಸ್ಕೃತದಲ್ಲಿ ಮರದ ಪರೋಪಕಾರ ಹೇಳುವ ಒಂದು ಸುಭಾಷಿತ ಸಿಗುತ್ತೆ, ಅದನ್ನು ಬಿಡಿಸಿ ಅರ್ಥ ಹೇಳಬಹುದು.

“ಇದರಲ್ಲಿ ಯಾವ ಪ್ರಶ್ನೆ ಕೇಳಿದಾಗ ನಿನಗೆ ಏನೋ ಹೇಳಬೇಕು ಅನಿಸಿತು?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡನೆಯವಳದ್ದು” ಅಂದಳು. ಅವಳ ಕಾಲೇಜಿನ ಪಿಸಿಎಂಬಿಯಲ್ಲಿ ಮನಃಶಾಸ್ತ್ರ ಸಿಗುವುದಿಲ್ಲ. ಆದರೂ ಆ ಉತ್ತರ ಉಪಯೋಗಕ್ಕೆ ಬಂತು. ಮನುಷ್ಯರ ಬಗ್ಗೆ ಕುತೂಹಲ ಇರುವ ಹುಡುಗಿ, ಕತೆ-ಗದ್ಯ ಇರುವ ಪತ್ರಿಕೆಯಲ್ಲಿ ಒಣಗುವುದಿಲ್ಲ ಅಂತ ನನಗೆ ತಿಳಿಯಿತು.

ಅರ್ಜಿ ತುಂಬುವ ಮೊದಲು

ಬೋರ್ಡಿನ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತೆ. ಯೋಚನೆಯಲ್ಲಿರುವ ಎರಡು ಭಾಷೆಯದ್ದೂ ತೆಗೆಯಿರಿ. ಸೀನಿಯರ್‌ಗಳ ಹತ್ತಿರ ಹಳೆ ಪಠ್ಯಪುಸ್ತಕ ಇಸಿದುಕೊಳ್ಳಿ. ಒಂದೊಂದು ಪಾಠ ಓದಿ, ಪುಸ್ತಕ ಮುಚ್ಚಿ, ಪಾಠದ ಕೊನೆಯ ದೊಡ್ಡ ಪ್ರಶ್ನೆಗೆ ಒಂದು ಪುಟ ಬರೆಯಿರಿ. ಗೈಡ್ ಇಲ್ಲ, ಮೊಬೈಲ್ ಇಲ್ಲ. ಅರ್ಧ ಗಂಟೆ. ಆಮೇಲೆ ಅದನ್ನು ಆ ಪಾಠ ಓದದ ಒಬ್ಬರಿಗೆ, ಅಮ್ಮನಿಗೋ ಅಂಗಡಿಯ ಅಣ್ಣನಿಗೋ, ಓದಿ ಹೇಳಿ. ಅವರಿಗೆ ಎಲ್ಲಿ ಅರ್ಥವಾಗಲಿಲ್ಲ ಅಂತ ಕೇಳಿ. ಎಷ್ಟು ಅಂಕ ಬರಬಹುದು ಅಂತ ಕೇಳಬೇಡಿ.

ಲೆಕ್ಚರರ್ ಯಾರು ಅನ್ನೋದನ್ನೂ ವಿಚಾರಿಸಿ. ಇದನ್ನು ಯಾವ ಮಾರ್ಗದರ್ಶಿಯೂ ಬರೆಯುವುದಿಲ್ಲ, ಆದರೆ ಇದೇ ದೊಡ್ಡದು. ನೀವು ಬರೆದ ಪ್ರಬಂಧವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕೊಡುವ ಒಬ್ಬರು ಇದ್ದರೆ, ಅದು ಯಾವ ಭಾಷೆಯಾದರೂ ಕಣ್ಣು ಮುಚ್ಚಿ ತಗೊಳ್ಳಿ. ನೋಟ್ಸ್ ಡಿಕ್ಟೇಟ್ ಮಾಡಿ ಹೋಗುವವರಾದರೆ ಕನ್ನಡವೂ ಒಂದೇ, ಸಂಸ್ಕೃತವೂ ಒಂದೇ.

ಸೊಸೆ ಭಾನುವಾರ ಎರಡು ಪುಟ ಬರೆದು ಫೋಟೋ ಕಳಿಸಿದಳು. ಸಂಸ್ಕೃತದ್ದು ಮುದ್ದಾದ ಅಕ್ಷರ, ಆರು ಸಾಲು, ಎಲ್ಲಾ ಸರಿ, ಆಮೇಲೆ ಖಾಲಿ. ಕನ್ನಡದ್ದು ಪುಟದ ತುಂಬ ಗೀಚು. ಮೂರು ಕಡೆ ಹೊಡೆದು ಹಾಕಿ ಮತ್ತೆ ಬರೆದಿದ್ದಾಳೆ, ಕಾಗುಣಿತ ಎರಡು ಕಡೆ ತಪ್ಪು, ಕೊನೆಯ ಸಾಲು ಜಾಗ ಸಾಲದೆ ಅಂಚಿಗೆ ತಿರುಗಿ ಮೇಲಕ್ಕೆ ಹತ್ತಿದೆ. ಅಣ್ಣನಿಗೆ ಎರಡನ್ನೂ ತೋರಿಸು ಅಂದೆ. ಅವನು ತೋಟದಲ್ಲಿ ಕೊಳೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದನಂತೆ, ಸಂಜೆ ನೋಡುತ್ತೇನೆ ಅಂದನಂತೆ. ಸೋಮವಾರ ಹತ್ತು ಗಂಟೆಗೆ ಕಾಲೇಜಿಗೆ ಹೋಗಬೇಕು. ಆ ಖಾನೆ ಇನ್ನೂ ಖಾಲಿ ಇದೆ.